ಬಯಾನ್-ಓಲ್ಗಿ: ಮಂಗೋಲಿಯಾದ ಪಶ್ಚಿಮ ತುದಿಯ ಕಜಕ್ ನಾಡು. ಗೊತ್ತಿದ್ದವರು ಬರೆಯಿರಿ

ನಕ್ಷೆಹುಚ್ಚು

ಎಲ್ಲರಿಗೂ ನಮಸ್ಕಾರ. ಮಂಗೋಲಿಯಾದಲ್ಲಿ 21 ಪ್ರಾಂತ್ಯಗಳಿವೆ. ಅವನ್ನು ಅಲ್ಲಿ ಐಮಾಗ್ ಅನ್ನುತ್ತಾರೆ. ತೀರಾ ಪಶ್ಚಿಮಕ್ಕಿರುವ ಐಮಾಗ್ ಬಯಾನ್-ಓಲ್ಗಿ. ವಿಸ್ತೀರ್ಣ ಸುಮಾರು 45,700 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಹೆಚ್ಚುಕಮ್ಮಿ ಕಾಲು ಭಾಗ. ಜನಸಂಖ್ಯೆ ಮಾತ್ರ ಒಂದು ಲಕ್ಷದ ಆಸುಪಾಸು. ಉತ್ತರಕ್ಕೆ ರಷ್ಯಾ, ನೈರುತ್ಯಕ್ಕೆ ಚೀನಾ. ರಾಜಧಾನಿ ಉಲಾನ್‌ಬಾತರ್‌ನಿಂದ 1,600 ಕಿ.ಮೀ.ಗಿಂತ ಜಾಸ್ತಿ ದೂರ. ಗಡಿಯಾರ ಕೂಡ ರಾಜಧಾನಿಗಿಂತ ಒಂದು ಗಂಟೆ ಹಿಂದೆ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಕೈ ಮೇಲೆ ಹದ್ದು ಕೂರಿಸಿಕೊಂಡ ಕುದುರೆ ಸವಾರರ ಫೋಟೋಗಳೇ ಬರುತ್ತವೆ. ಅದನ್ನು ಬಿಟ್ಟು ಅಲ್ಲಿನ ನೆಲ, ನೀರು, ಜನರ ಬದುಕು ಹೇಗೆ ಅಂತ ತಿಳಿಯುವ ಆಸೆ. ಇನ್ನೊಂದು ಪ್ರಶ್ನೆ: ಅಲ್ಲಿ ಹತ್ತರಲ್ಲಿ ಒಂಬತ್ತು ಜನ ಕಜಕರು. ಆದರೆ ನಕ್ಷೆ ನೋಡಿದರೆ ಮಂಗೋಲಿಯಾಗೂ ಕಜಕಸ್ತಾನಕ್ಕೂ ಗಡಿಯೇ ಇಲ್ಲ. ಇವರು ಅಲ್ಲಿಗೆ ಬಂದದ್ದು ಹೇಗೆ?

ಅಲ್ಮಾಟಿಯಿಂದ

ಒಳ್ಳೆ ಪ್ರಶ್ನೆ ಸರ್. ನಾನು ಅಲ್ಮಾಟಿಯಲ್ಲಿ ಮೆಡಿಕಲ್ ಓದಿದವನು. ನಮ್ಮ ಬ್ಯಾಚ್‌ನಲ್ಲಿ ಬಯಾನ್-ಓಲ್ಗಿ ಕಡೆಯ ಕಜಕ್ ಗೆಳೆಯರು ಇದ್ದರು. ಒಮ್ಮೆ ರಜೆಯಲ್ಲಿ ಅವರ ಜೊತೆ ಊರಿಗೂ ಹೋಗಿ ಬಂದೆ. ತಿಳಿದಷ್ಟು ಹೇಳುತ್ತೇನೆ.

ಮಂಗೋಲಿಯಾದ ಪಶ್ಚಿಮ ತುದಿಗೂ ಕಜಕಸ್ತಾನದ ಪೂರ್ವ ತುದಿಗೂ ನಡುವೆ 40 ಕಿ.ಮೀ. ಕೂಡ ಇಲ್ಲ. ಆ ಸಣ್ಣ ಸಂದಿಯಲ್ಲಿ ರಷ್ಯಾ, ಚೀನಾ ಎರಡೂ ಬಂದು ಕೂಡುತ್ತವೆ. ಈ ಗೆರೆಗಳೆಲ್ಲ ಆಮೇಲೆ ಗಟ್ಟಿಯಾದವು. ಅದಕ್ಕೂ ಮೊದಲು ಅಲ್ತಾಯ್ ಬೆಟ್ಟಸಾಲಿನ ಎರಡೂ ಬದಿಯಲ್ಲಿ ಹುಲ್ಲಿದ್ದ ಕಡೆ ಜನ ಓಡಾಡುತ್ತಿದ್ದರು. 1860ರ ದಶಕದಿಂದ ಈಗಿನ ಷಿನ್‌ಜಿಯಾಂಗ್ ಕಡೆಯ ಕಜಕರು ಕಣಿವೆ ದಾಟಿ ಖೋವ್ದ್ ನದಿಯ ಮೇಲ್ಭಾಗಕ್ಕೆ ಬಂದು ನೆಲೆಸತೊಡಗಿದರು. ರಷ್ಯಾ ಮತ್ತು ಚೀನಾದ ಚಿಂಗ್ ಸಾಮ್ರಾಜ್ಯ ತಮ್ಮ ಗಡಿ ಗುರುತಿಸಿಕೊಳ್ಳುತ್ತಿದ್ದ ಕಾಲ ಅದು. 1940ರಲ್ಲಿ ಸಮಾಜವಾದಿ ಸರ್ಕಾರ ಖೋವ್ದ್ ಪ್ರಾಂತ್ಯವನ್ನು ಒಡೆದು ಬಯಾನ್-ಓಲ್ಗಿಯನ್ನು ಬೇರೆ ಮಾಡಿತು. ಶಾಲೆ, ರೇಡಿಯೋ, ಪತ್ರಿಕೆ, ನಾಟಕಶಾಲೆ ಎಲ್ಲ ಕಜಕ್ ಭಾಷೆಯಲ್ಲಿ ಬಂದವು. ಅವರ ಕಜಕ್ ಇವತ್ತಿಗೂ ಗಟ್ಟಿಯಾಗಿ ಉಳಿದಿರುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ಅಲ್ಮಾಟಿಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಕಜಕರು ಮನೆಯಲ್ಲೂ ರಷ್ಯನ್ ಮಾತಾಡುತ್ತಿದ್ದರು. ಓಲ್ಗಿಯ ಹುಡುಗರು ಬಾಯಿ ಬಿಟ್ಟರೆ ಅಚ್ಚ ಕಜಕ್.

ಚಾರಣಪ್ರಿಯೆ

ನೆಲದ ವಿಷಯ ನಾನು ಹೇಳುತ್ತೇನೆ. ತವನ್ ಬೊಗ್ದ್ ಕಡೆ ಚಾರಣ ಮಾಡಿದ್ದೇನೆ.

ಪ್ರಾಂತ್ಯದ ಕೇಂದ್ರ ಓಲ್ಗಿ ಪಟ್ಟಣವೇ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಮಳೆ ತೀರಾ ಕಮ್ಮಿ. ವರ್ಷಕ್ಕೆ 100 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪಶ್ಚಿಮದಿಂದ ಬರುವ ಮೋಡಗಳ ತೇವವನ್ನೆಲ್ಲ ಅಲ್ತಾಯ್ ಶಿಖರಗಳೇ ಹೀರಿಕೊಳ್ಳುತ್ತವೆ. ಅಲ್ಲಿ ಹಿಮವಾಗಿ ಬಿದ್ದದ್ದು ಬೇಸಿಗೆಯಲ್ಲಿ ಕರಗಿ ಕೆಳಗೆ ಬಂದರೇ ಕಣಿವೆಗೆ ನೀರು. ಪಟ್ಟಣದ ಸುತ್ತ ಬೋಳು ಗುಡ್ಡ, ಕಲ್ಲು, ದೂಳು. ನದಿಯ ಅಂಚಿನಲ್ಲಿ ಮಾತ್ರ ಮರಗಳ ಸಾಲು.

ಪಶ್ಚಿಮ ಗಡಿಯಲ್ಲಿ ಅಲ್ತಾಯ್ ತವನ್ ಬೊಗ್ದ್ ಶಿಖರಗಳಿವೆ. ಅದರಲ್ಲಿ ಖುಯಿತೆನ್ 4,374 ಮೀಟರ್. ಇಡೀ ಮಂಗೋಲಿಯಾದಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಅದರ ಬುಡದಿಂದ ಪೊತಾನಿನ್ ಹಿಮನದಿ ಇಳಿಯುತ್ತದೆ. ಉದ್ದ ಸುಮಾರು 14 ಕಿ.ಮೀ. ಅದರ ಕೆಳಗೆ ಹುಟ್ಟುವ ತ್ಸಗಾನ್ ಗೋಲ್ ಹೊಳೆಯ ನೀರು ಹಾಲು ಬೆರೆಸಿದಂತೆ ಬೆಳ್ಳಗೆ. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಮಾಡಿದ ನುಣುಪು ಹಿಟ್ಟು ನೀರಿನಲ್ಲೇ ತೇಲಿ ಬರುತ್ತದೆ. ಬಾಟಲಿಯಲ್ಲಿ ಹಿಡಿದು ರಾತ್ರಿ ಇಟ್ಟೆ. ಬೆಳಿಗ್ಗೆ ತಳದಲ್ಲಿ ಬೂದು ಬಣ್ಣದ ಕೆಸರು ಕೂತಿತ್ತು.

ದಕ್ಷಿಣಕ್ಕೆ ಖೋತೊನ್, ಖುರ್ಗಾನ್ ಅಂತ ಜೋಡಿ ಸರೋವರಗಳು. ಅಲ್ಲಿ ಲಾರ್ಚ್ ಮರದ ಕಾಡು ಸಿಗುತ್ತದೆ. ಈ ನೀರೆಲ್ಲ ಖೋವ್ದ್ ನದಿ ಸೇರಿ, 500 ಕಿ.ಮೀ.ಗೂ ಹೆಚ್ಚು ಹರಿದು, ಪಕ್ಕದ ಪ್ರಾಂತ್ಯದ ಖಾರ್-ಉಸ್ ಸರೋವರಕ್ಕೆ ಬೀಳುತ್ತದೆ. ಸಮುದ್ರಕ್ಕೆ ಹೋಗುವುದೇ ಇಲ್ಲ.

1996ರಿಂದ ಈ ತವನ್ ಬೊಗ್ದ್ ಪ್ರದೇಶ ರಾಷ್ಟ್ರೀಯ ಉದ್ಯಾನ, 6,362 ಚದರ ಕಿ.ಮೀ. ಹಿಮಚಿರತೆ, ಅರ್ಗಲಿ ಕಾಡುಕುರಿ, ಐಬೆಕ್ಸ್ ಕಾಡುಮೇಕೆ ಎಲ್ಲ ಇವೆ. ಹೋಗುವವರು ನೆನಪಿಡಿ, ಇದು ಗಡಿ ಪ್ರದೇಶ. ಓಲ್ಗಿಯಲ್ಲಿ ಪರ್ಮಿಟ್ ಮಾಡಿಸದೆ ಮುಂದೆ ಬಿಡುವುದಿಲ್ಲ.

ಮುಂಡಗೋಡದಿಂದ

ನಮ್ಮ ಮುಂಡಗೋಡದ ಟಿಬೆಟನ್ ಕ್ಯಾಂಪ್‌ನಲ್ಲಿರೋ ಡ್ರೆಪುಂಗ್ ಗೋಮಾಂಗ್ ಮಠಕ್ಕೆ ಮಂಗೋಲಿಯಾದ ಹುಡುಗರು ಓದೋದಕ್ಕೆ ಬರ್ತಾರೆ. ಹಾಗಾಗಿ ಮಂಗೋಲಿಯಾ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಬೌದ್ಧ ಭಿಕ್ಷುಗಳೇ ನೆನಪಾಗ್ತಾರೆ. ಬಯಾನ್-ಓಲ್ಗಿಯಲ್ಲೂ ಬೌದ್ಧರಿದ್ದಾರೇನ್ರೀ?

ಅಲ್ಮಾಟಿಯಿಂದ

ಇದ್ದಾರೆ, ಆದರೆ ಕಮ್ಮಿ. ಕಜಕರು ಸುನ್ನಿ ಮುಸ್ಲಿಮರು. 1930ರ ದಶಕದ ದಮನದಲ್ಲಿ ಮಂಗೋಲಿಯಾದ ಬೌದ್ಧ ಮಠಗಳ ಜೊತೆ ಮಸೀದಿಗಳೂ ಹೋದವು. 1990ರ ನಂತರ ಮತ್ತೆ ಕಟ್ಟಿಕೊಂಡರು. ಈಗ ಓಲ್ಗಿಯಲ್ಲಿ ಆಜಾನ್ ಕೇಳಿಸುತ್ತದೆ. ದೊಡ್ಡ ಹಬ್ಬ ಅಂದರೆ ಮಾರ್ಚ್ 22ರ ನೌರಿಜ್.

ಕಜಕರಿಗಿಂತ ಮೊದಲಿನಿಂದ ಅಲ್ಲಿರುವವರು ಉರಿಯಾಂಖಾಯ್ ಮಂಗೋಲರು ಮತ್ತು ತುವಾ ಜನ. ತುವಾ ಜನ ಹೆಚ್ಚಾಗಿ ತ್ಸೆಂಗೆಲ್ ತಾಲ್ಲೂಕಿನಲ್ಲಿದ್ದಾರೆ. ಒಂದೇ ಗಂಟಲಲ್ಲಿ ಎರಡು ಸ್ವರ ಹೊರಡಿಸುವ ಖೂಮಿ ಹಾಡುಗಾರಿಕೆ ಇವರಲ್ಲಿದೆ. ಮನೆಯಲ್ಲಿ ತುವಾ, ಸಂತೆಯಲ್ಲಿ ಕಜಕ್, ಸರ್ಕಾರಿ ಕಚೇರಿಯಲ್ಲಿ ಮಂಗೋಲಿಯನ್. ಚಿಕ್ಕ ಮಕ್ಕಳೂ ಮೂರು ಭಾಷೆ ಮಾತಾಡುತ್ತಾರೆ. ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು ಇವರು. ಅವರ ಭಾಷೆಯ ಬಗ್ಗೆ ನನಗೆ ನಿಜಕ್ಕೂ ಆತಂಕ ಇದೆ.

ಶಿರಾದ ಕುರಿಗಾಹಿ

ಅಣ್ಣಾ, ನಮ್ಮದು ಕುರಿ ಸಾಕುವ ಮನೆ. ಬೆಟ್ಟ, ಮಠ ಎಲ್ಲ ಸರಿ. ಅಷ್ಟು ಕಮ್ಮಿ ಮಳೆ, ಅಷ್ಟು ಚಳಿ. ಕುರಿ ಏನು ತಿಂದು ಬದುಕುತ್ತವೆ? ಚಳಿಗಾಲಕ್ಕೆ ಮೇವು ಕೂಡಿಡುತ್ತಾರಾ? ಮಂದೆ ಎಲ್ಲಿ ಹೊಡೆದುಕೊಂಡು ಹೋಗುತ್ತಾರೆ? ಇದನ್ನು ಯಾರೂ ಬರೆಯುವುದೇ ಇಲ್ಲ.

ಅಲ್ಮಾಟಿಯಿಂದ

ಅಣ್ಣಾ, ನೀವು ಕೇಳಿದ್ದೇ ಅಲ್ಲಿನ ನಿಜವಾದ ಕಥೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಒಂದೊಂದು ಕುಟುಂಬಕ್ಕೂ ವರ್ಷದಲ್ಲಿ ನಾಲ್ಕು ಜಾಗ. ಚಳಿಗಾಲದ ಜಾಗ ಕಿಸ್ತೌ. ವಸಂತಕ್ಕೆ ಕೊಕ್ತೆವು. ಬೇಸಿಗೆಗೆ ಜೈಲೌ. ಶರತ್ಕಾಲಕ್ಕೆ ಕುಜೆವು. ಎಲ್ಲೆಂದರಲ್ಲಿ ಅಲೆಯುವುದಿಲ್ಲ. ಯಾರ ಕಿಸ್ತೌ ಎಲ್ಲಿ ಅನ್ನುವುದು ಸುತ್ತಲಿನವರಿಗೆಲ್ಲ ಗೊತ್ತಿರುತ್ತದೆ.

ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲಿಗೆ ಹತ್ತುತ್ತಾರೆ. ಅಲ್ಲಿ ಉಣ್ಣೆಯ ಕಂಬಳಿ ಹೊದಿಸಿದ ಗುಂಡು ಮನೆ. ಕಜಕರ ಈ ಮನೆ ಮಂಗೋಲರ ಗೆರ್‌ಗಿಂತ ಅಗಲ, ಎತ್ತರ ಎರಡೂ ಜಾಸ್ತಿ. ಛಾವಣಿಯ ಕೋಲುಗಳ ಬುಡ ಬಾಗಿರುತ್ತದೆ. ಹಾಗಾಗಿ ನಡುವೆ ಕಂಬ ಬೇಕಿಲ್ಲ. ಕೆಳಗಿನ ಕಣಿವೆಯ ಹುಲ್ಲನ್ನು ಆ ಹೊತ್ತಿನಲ್ಲಿ ಮುಟ್ಟುವುದಿಲ್ಲ. ಅದು ಚಳಿಗಾಲಕ್ಕೆ ಮೀಸಲು. ಆಗಸ್ಟ್ ಹೊತ್ತಿಗೆ ಹುಲ್ಲು ಕೊಯ್ದು ಒಣಗಿಸಿ ಒಟ್ಟುತ್ತಾರೆ. ಅದು ಬಾಣಂತಿ ಕುರಿಗೆ, ಬಡಕಲಾದವಕ್ಕೆ ಮಾತ್ರ ಸಾಕಾಗುತ್ತದೆ. ಉಳಿದ ಮಂದೆ ಹಿಮ ಕೆದಕಿಯೇ ಮೇಯಬೇಕು.

ಕೆದಕುವುದಕ್ಕೂ ಒಂದು ಕ್ರಮ ಇದೆ. ಮೊದಲು ಕುದುರೆಗಳನ್ನು ಬಿಡುತ್ತಾರೆ. ಅವು ಗೊರಸಿನಿಂದ ಹಿಮ ಒಡೆದು ಮೇಲಿನ ಹುಲ್ಲು ತಿನ್ನುತ್ತವೆ. ಹಿಂದೆ ಹೋಗುವ ಕುರಿಗಳಿಗೆ ಬುಡದ ಹುಲ್ಲು ಸಿಗುತ್ತದೆ. ದನಗಳಿಗೆ ಆ ಕೆಲಸ ಬರುವುದಿಲ್ಲ. ಅದಕ್ಕೇ ಚಳಿಗೆ ಮೊದಲು ಸೊರಗುವುದು ದನ. ಕುರಿಗಳು ದಪ್ಪ ಬಾಲದ ತಳಿ. ಬೇಸಿಗೆಯಲ್ಲಿ ಬಾಲದಲ್ಲಿ ಕೂಡಿದ ಕೊಬ್ಬನ್ನು ಚಳಿಗಾಲ ಪೂರ್ತಿ ಕರಗಿಸಿಕೊಂಡು ಬದುಕುತ್ತವೆ.

ಕಿಸ್ತೌನಲ್ಲಿ ಕಲ್ಲು ಅಥವಾ ಮಣ್ಣಿನ ಮನೆ, ಪಕ್ಕದಲ್ಲಿ ದೊಡ್ಡಿ. ಗಾಳಿ ತಾಗದಂತೆ, ಬಿಸಿಲು ಬೀಳುವಂತೆ ದಕ್ಷಿಣಕ್ಕೆ ಮುಖ ಮಾಡಿದ ಗುಡ್ಡದ ಮಗ್ಗುಲು ನೋಡಿ ಕಟ್ಟುತ್ತಾರೆ. ದೊಡ್ಡಿಯಲ್ಲಿ ಕುರಿ ತುಳಿದು ಗಟ್ಟಿಯಾದ ಹಿಕ್ಕೆಯ ಮೇಲೇ ಮಂದೆ ಮಲಗುತ್ತದೆ. ಅದು ನೆಲದ ಚಳಿ ತಡೆಯುತ್ತದೆ. ಅದನ್ನೇ ಸಲಿಕೆಯಿಂದ ಚೌಕ ಚೌಕ ಕಡಿದು ಒಣಗಿಸಿ ಒಲೆಗೂ ಹಾಕುತ್ತಾರೆ. ಮರ ಕಮ್ಮಿ ಇರುವ ನಾಡು ಅಲ್ವಾ, ಒಲೆ ಉರಿಯುವುದೇ ಇದರಿಂದ.

ಶಿರಾದ ಕುರಿಗಾಹಿ

ಕುದುರೆ ಮುಂದೆ, ಕುರಿ ಹಿಂದೆ. ಇದು ನನಗೆ ಹೊಸ ವಿಷಯ, ತುಂಬಾ ಇಷ್ಟ ಆಯ್ತು. ಹಿಮ ಜಾಸ್ತಿ ಬಿದ್ದು ಕುದುರೆಗೂ ಒಡೆಯಲು ಆಗದಿದ್ದರೆ?

ಅಲ್ಮಾಟಿಯಿಂದ

ಅದಕ್ಕೇ ಜುದ್ ಅನ್ನುವುದು. ಕಜಕರು ಜುತ್ ಅನ್ನುತ್ತಾರೆ. ಹಿಮ ಆಳವಾಗಿ ಕೂತರೆ ಬಿಳಿ ಜುದ್. ಹಿಮವೇ ಬೀಳದೆ ಕುಡಿಯುವ ನೀರಿಗೂ ಗತಿ ಇಲ್ಲದಿದ್ದರೆ ಕಪ್ಪು ಜುದ್. ನಡುವೆ ಒಂದೆರಡು ದಿನ ಬಿಸಿಲು ಬಂದು ಹಿಮ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಕಬ್ಬಿಣದ ಜುದ್. ಹುಲ್ಲು ಗಾಜಿನಡಿ ಕಂಡ ಹಾಗೆ ಕಾಣುತ್ತದೆ, ಬಾಯಿಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಬರ ಬಂದು ಮಂದೆ ಕೊಬ್ಬು ಕಟ್ಟದಿದ್ದ ವರ್ಷ ಇದು ಬಂದರೆ ಮುಗಿಯಿತು. 2009-10ರ ಚಳಿಗಾಲದಲ್ಲಿ ಮಂಗೋಲಿಯಾದಲ್ಲಿ ಸುಮಾರು 1 ಕೋಟಿ ಜಾನುವಾರು ಸತ್ತವು. 2023-24ರಲ್ಲಿ 70 ಲಕ್ಷಕ್ಕೂ ಹೆಚ್ಚು. ಸಾವು ಜಾಸ್ತಿ ಆಗುವುದು ಕಡು ಚಳಿಯಲ್ಲಿ ಅಲ್ಲ, ಮಾರ್ಚ್-ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಮರಿ ಹಾಕುವ ಕಾಲವೂ ಅದೇ.

ಚಾರಣಪ್ರಿಯೆ

ಇದಕ್ಕೆ ಆಡುಗಳ ವಿಷಯ ಸೇರಿಸಲೇಬೇಕು. ಸಮಾಜವಾದದ ಕಾಲದಲ್ಲಿ ಮಂದೆ ಸಹಕಾರಿ ಸಂಘದ್ದಾಗಿತ್ತು. 1990ರ ನಂತರ ಅವು ಒಡೆದು ಮನೆ ಮನೆಗೆ ಹಂಚಿಹೋದವು. ನಗದು ತರುವ ಸರಕು ಅಂತ ಉಳಿದದ್ದು ಕ್ಯಾಶ್ಮೀರ್ ಉಣ್ಣೆ. ಲೋಕದಲ್ಲಿ ಚೀನಾ ಬಿಟ್ಟರೆ ಹೆಚ್ಚು ಕ್ಯಾಶ್ಮೀರ್ ಬರುವುದು ಮಂಗೋಲಿಯಾದಿಂದ. ವಸಂತದಲ್ಲಿ ಆಡಿನ ಕಾಲು ಕಟ್ಟಿ ಮಲಗಿಸಿ, ಉದ್ದ ಕೊಕ್ಕೆ ಹಲ್ಲಿನ ಬಾಚಣಿಗೆಯಿಂದ ಒರಟು ಕೂದಲಿನ ಅಡಿಯ ನವಿರು ಉಣ್ಣೆಯನ್ನು ಬಾಚಿ ತೆಗೆಯುತ್ತಾರೆ. ಮಕ್ಕಳ ಫೀಸು, ಬ್ಯಾಂಕ್ ಸಾಲ ಎಲ್ಲ ಅದರ ಮೇಲೆ ನಿಂತಿದೆ. ಹಾಗಾಗಿ ಆಡು ಹೆಚ್ಚಿದವು, ಹುಲ್ಲು ಸವೆಯಿತು, ಜುದ್ ಬಂದಾಗ ಹೊಡೆತ ಜಾಸ್ತಿಯಾಯಿತು. ಕುರುಬರನ್ನು ದೂರಿ ಪ್ರಯೋಜನ ಇಲ್ಲ. ಕುರಿ ಉಣ್ಣೆಗೆ ಬೆಲೆಯೇ ಇಲ್ಲದಿದ್ದರೆ ಅವರಾದರೂ ಏನು ಮಾಡಬೇಕು?

ಶಿರಾದ ಕುರಿಗಾಹಿ

ಉಣ್ಣೆಗೆ ಬೆಲೆ ಇಲ್ಲ ಅನ್ನುವುದು ನಮ್ಮ ಗೋಳೂ ಹೌದು ಅಕ್ಕ. ಕತ್ತರಿಸಿದ ಕೂಲಿ ಕೂಡ ಹುಟ್ಟುವುದಿಲ್ಲ. ಅವರು ಕಂಬಳಿ ನೇಯುತ್ತಾರಾ?

ಚಾರಣಪ್ರಿಯೆ

ನೇಯುವುದಕ್ಕಿಂತ ಜಾಸ್ತಿ ಒತ್ತಿ ಮಾಡುವುದು, ಅಂದರೆ ಫೆಲ್ಟ್. ಬೇಸಿಗೆಯಲ್ಲಿ ನೆರೆಹೊರೆಯವರೆಲ್ಲ ಸೇರಿ ಮಾಡುವ ಕೆಲಸ. ಉಣ್ಣೆಯನ್ನು ಹರಡಿ ಇಬ್ಬರು ಮೂವರು ಹೆಂಗಸರು ಉದ್ದ ಕೋಲಿನಿಂದ ತಾಳಕ್ಕೆ ಸರಿಯಾಗಿ ಬಡಿಯುತ್ತಾರೆ. ಗಂಟು ಬಿಟ್ಟು ಉಣ್ಣೆ ಹಗುರಾಗುತ್ತದೆ. ಅದನ್ನು ಜೊಂಡಿನ ಚಾಪೆ ಮೇಲೆ ಸಮನಾಗಿ ಹಾಸಿ, ಬಿಸಿನೀರು ಚಿಮುಕಿಸಿ, ಚಾಪೆ ಸಮೇತ ಸುರುಳಿ ಸುತ್ತಿ ಬಿಗಿಯಾಗಿ ಕಟ್ಟುತ್ತಾರೆ. ಆಮೇಲೆ ಸಾಲಾಗಿ ನಿಂತು ಕಾಲಿನಿಂದ ಒದ್ದು ಉರುಳಿಸುತ್ತಾರೆ. ಬಿಚ್ಚಿದಾಗ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಳೆಯಾಗಿರುತ್ತದೆ. ಮನೆಯ ಹೊದಿಕೆ, ನೆಲಹಾಸು ಎಲ್ಲ ಅದರಿಂದಲೇ. ಹಾಸಿಗೆಯ ಪಕ್ಕದ ಗೋಡೆಗೆ ತೂಗುಹಾಕುವ ಕಸೂತಿ ಬಟ್ಟೆಗೆ ತುಸ್ ಕಿಯಿಜ್ ಅನ್ನುತ್ತಾರೆ. ಕೊಕ್ಕೆಸೂಜಿಯಲ್ಲಿ ಸರಪಳಿ ಹೊಲಿಗೆ. ನಾನು ನೋಡಿದ ಒಂದರ ಅಂಚಿನಲ್ಲಿ ಹೊಲಿದ ವರ್ಷವನ್ನೂ ದಾರದಲ್ಲೇ ಬರೆದಿದ್ದರು. ಈಗ ಹಳೆಯವನ್ನು ಕತ್ತರಿಸಿ ಕೈಚೀಲ ಮಾಡಿ ಪ್ರವಾಸಿಗರಿಗೆ ಮಾರುವುದು ನೋಡಿ ಸಂಕಟ ಆಯ್ತು. ದಯವಿಟ್ಟು ಹೋದವರು ಹೊಸದಾಗಿ ಹೊಲಿದದ್ದನ್ನು ಕೊಳ್ಳಿ.

ತಟ್ಟೆಇಡ್ಲಿ

ನಾನು ಸಸ್ಯಾಹಾರಿ. ಅಲ್ಲಿ ಹೋದರೆ ಉಪವಾಸವಾ?

ಅಲ್ಮಾಟಿಯಿಂದ

ಉಪವಾಸ ಇಲ್ಲ, ಕಷ್ಟ ಇದೆ. ಉಪ್ಪು ಹಾಕಿದ ಹಾಲಿನ ಚಹಾ ಎಷ್ಟು ಬೇಕಾದರೂ ಸಿಗುತ್ತದೆ. ಕೆನೆ, ಬೆಣ್ಣೆ, ಕಲ್ಲಿನಂತೆ ಒಣಗಿಸಿದ ಮೊಸರಿನ ಕುರ್ತ್ ಇರುತ್ತದೆ. ಬೌರ್ಸಾಕ್ ಅಂತ ಕರಿದ ಹಿಟ್ಟಿನ ಉಂಡೆ ಎಲ್ಲ ಮನೆಯಲ್ಲೂ ಮೇಜಿನ ಮೇಲೆ ಹರಡಿರುತ್ತಾರೆ. ಆದರೆ ಕೆಲವು ಕಡೆ ಕುರಿಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿ ತಿನ್ನಿ. ಅಕ್ಕಿ, ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿ. ಅಲ್ಲಿಯವರ ಊಟದ ಜೀವ ಮಾಂಸ. ಚಳಿಗಾಲದ ಮೊದಲಲ್ಲಿ ಕುದುರೆ, ದನ ಕಡಿದು ಚಳಿಗಾಲಕ್ಕೆ ಬೇಕಾದ ಮಾಂಸ ಮಾಡಿಟ್ಟುಕೊಳ್ಳುತ್ತಾರೆ. ಅದಕ್ಕೆ ಸೊಗಿಮ್ ಅನ್ನುತ್ತಾರೆ. ಅತಿಥಿಗೆ ಕುದುರೆಯ ಪಕ್ಕೆಲುಬಿನ ಮಾಂಸವನ್ನು ಕರುಳಿನಲ್ಲಿ ತುಂಬಿದ ಕಜಿ ಬಡಿಸುವುದು ದೊಡ್ಡ ಮರ್ಯಾದೆ. ಬೇಡ ಅನ್ನುವುದಾದರೆ ಕೂರುವ ಮೊದಲೇ ನಯವಾಗಿ ಹೇಳಿಬಿಡಿ.

ನಕ್ಷೆಹುಚ್ಚು

ಹದ್ದಿನ ವಿಷಯ ಬಿಟ್ಟು ಅಂತ ನಾನೇ ಬರೆದಿದ್ದೆ, ಆದರೂ ಕೇಳದೆ ಇರಲಾಗುತ್ತಿಲ್ಲ. ಅದು ಈಗಲೂ ಬದುಕಿನ ಭಾಗವಾ, ಪ್ರವಾಸಿಗರಿಗಾಗಿ ಮಾತ್ರವಾ?

ಅಲ್ಮಾಟಿಯಿಂದ

ಎರಡೂ ಇದೆ. ಗೆಳೆಯನ ದೊಡ್ಡಪ್ಪ ಬೇಟೆಗಾರ. ಹೊನ್ನಹದ್ದಿನಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು, ಅದನ್ನೇ ಸಾಕುತ್ತಾರೆ. ತಲೆಗೆ ತೊಮಗಾ ಅನ್ನುವ ಚರ್ಮದ ಟೋಪಿ. ಕಣ್ಣು ಮುಚ್ಚಿದರೆ ಹಕ್ಕಿ ಗಾಬರಿಯಾಗುವುದಿಲ್ಲ. ಐದಾರು ಕಿಲೋ ತೂಗುವ ಹಕ್ಕಿಯನ್ನು ದಿನವಿಡೀ ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಅದಕ್ಕೆ ಜೀನಿಗೆ ಸಿಕ್ಕಿಸಿದ ಕವಲುಕೋಲು ಇರುತ್ತದೆ, ಬಲ್ದಾಕ್ ಅಂತ. ಮುಂಗೈ ಅದರ ಮೇಲೆ ಒರಗುತ್ತದೆ. ಬೇಟೆಯ ಕಾಲ ಹತ್ತಿರ ಬಂದಾಗ ಮಾಂಸವನ್ನು ನೀರಿನಲ್ಲಿ ನೆನೆಸಿ ರಕ್ತ ತೆಗೆದು, ಬಿಳಿಚಿಕೊಂಡ ತುಂಡುಗಳನ್ನು ತಿನ್ನಿಸುತ್ತಾರೆ. ಹೊಟ್ಟೆ ತುಂಬುತ್ತದೆ, ಮೈ ಹತ್ತುವುದಿಲ್ಲ. ಹಸಿವು ಇಲ್ಲದ ಹದ್ದು ನರಿಯ ಹಿಂದೆ ಹೋಗುವುದಿಲ್ಲ. ಕೆಲವು ವರ್ಷ ಬೇಟೆಯಾಡಿಸಿ, ವಸಂತದಲ್ಲಿ ಬೆಟ್ಟಕ್ಕೆ ಒಯ್ದು ಬಿಟ್ಟುಬಿಡುತ್ತಾರೆ. ಮರಿ ಹಾಕಲಿ ಅಂತ.

ಹದ್ದು ಬೇಟೆಗಾರರು ಸ್ಪರ್ಧಿಸುವ ಹೊನ್ನಹದ್ದಿನ ಉತ್ಸವ ಶುರುವಾದದ್ದು 1999ರಲ್ಲಿ. ಅಕ್ಟೋಬರ್ ಮೊದಲ ವಾರದಲ್ಲಿ ನಡೆಯುತ್ತದೆ. ಅದರಿಂದ ಊರಿಗೆ ದುಡ್ಡು ಬರುತ್ತದೆ, ಹುಡುಗರಿಗೆ ಹುರುಪೂ ಬಂದಿದೆ. ಫೋಟೋಗಷ್ಟೇ ಹಕ್ಕಿ ಕಟ್ಟಿಹಾಕುವವರೂ ಇದ್ದಾರೆ. ಅವರನ್ನು ಕಂಡರೆ ಆ ದೊಡ್ಡಪ್ಪನಿಗೆ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಚಾರಣಪ್ರಿಯೆ

2014ರ ಉತ್ಸವದಲ್ಲಿ ಗೆದ್ದವಳು 13 ವರ್ಷದ ಐಶೋಲ್ಪಾನ್ ನುರ್ಗೈವ್. ಅವಳ ನಂತರ ಇನ್ನಷ್ಟು ಹುಡುಗಿಯರು ಹದ್ದು ಹಿಡಿದಿದ್ದಾರೆ. ತುಂಬಾ ಖುಷಿ ಕೊಡುವ ವಿಷಯ.

ಇನ್ನೊಂದು ಮಾತು. ತ್ಸಗಾನ್ ಗೋಲ್ ಕಣಿವೆಯಲ್ಲೂ ಈ ಪ್ರಾಂತ್ಯದ ಇನ್ನೆರಡು ಕಡೆಯೂ ಬಂಡೆಗಳ ಮೇಲೆ ಸಾವಿರಾರು ಕೆತ್ತನೆಗಳಿವೆ. 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತೀರಾ ಹಳೆಯವು ಕ್ರಿ.ಪೂ. 11,000ದಿಂದ 6,000ದ ನಡುವಿನವು. ಆಗ ಅಲ್ಲಿ ಅಲ್ಲಲ್ಲಿ ಕಾಡಿತ್ತು. ಜನ ದೊಡ್ಡ ಮೃಗಗಳ ಬೇಟೆಗಾರರು. ಆಮೇಲಿನ ಬಂಡೆಗಳಲ್ಲಿ ದನ, ಕುರಿ ಕಾಯುವವರು ಬರುತ್ತಾರೆ. ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ ಕುದುರೆ ಸವಾರರು. ಕಾಡು ಕಮ್ಮಿಯಾಗಿ ಹುಲ್ಲು ಬಂದದ್ದು, ಜನ ಬದುಕು ಬದಲಿಸಿಕೊಂಡದ್ದು ಈ ಬಂಡೆಗಳ ಮೇಲೇ ನೋಡಬಹುದು. ಕೈಯಿಂದ ಮುಟ್ಟಬೇಡಿ, ಸೀಮೆಸುಣ್ಣ ಹಚ್ಚಿ ಫೋಟೋ ತೆಗೆಯಬೇಡಿ. ಮೇಲೆ ತ್ಸೆಂಗೆಲ್ ಬೆಟ್ಟದ ಕರಗುತ್ತಿರುವ ಹಿಮದಡಿಯಿಂದ 3,000 ವರ್ಷದಷ್ಟು ಹಳೆಯ ಬಾಣದ ಕಡ್ಡಿಗಳು ಸಿಕ್ಕಿವೆ. ಹಿಮ ಹಿಂದೆ ಸರಿಯುತ್ತಿದೆ ಅನ್ನುವುದಕ್ಕೆ ಅದೂ ಒಂದು ಗುರುತು.

ಮುಂಡಗೋಡದಿಂದ

1991ರಲ್ಲಿ ಕಜಕಸ್ತಾನ ಸ್ವತಂತ್ರ ಆದಮೇಲೆ ಇವರೆಲ್ಲ ಅಲ್ಲಿಗೆ ಹೋಗಿಬಿಡಬಹುದಿತ್ತಲ್ರೀ?

ಅಲ್ಮಾಟಿಯಿಂದ

ಸಾವಿರಾರು ಕುಟುಂಬ ಹೋದವು. ಆ ದೇಶದ ಸರ್ಕಾರವೇ ಕರೆಯಿತು, ಮನೆ, ಪೌರತ್ವ ಕೊಡುತ್ತೇವೆ ಅಂತು. ನನ್ನ ಗೆಳೆಯರ ಮನೆಯವರೂ ಹಾಗೆ ಬಂದವರೇ. ಆದರೆ ಎಲ್ಲರೂ ನಿಲ್ಲಲಿಲ್ಲ. ನಗರದಲ್ಲಿ ರಷ್ಯನ್ ಬಾರದಿದ್ದರೆ ಕೆಲಸ ಸಿಗುವುದು ಕಷ್ಟ. ಹಳ್ಳಿಗೆ ಕಳಿಸಿದರೆ ಅಲ್ಲಿ ಬೆಟ್ಟದ ಹುಲ್ಲುಗಾವಲಿಲ್ಲ. ಕೆಲವರು ವಾಪಸ್ ಬಂದು ಹಳೇ ಕಿಸ್ತೌ ರಿಪೇರಿ ಮಾಡಿಕೊಂಡು ಮತ್ತೆ ಮಂದೆ ಕಟ್ಟಿದರು. ಒಂದೇ ಮನೆಯಲ್ಲಿ ಅಣ್ಣ ಅಲ್ಮಾಟಿ, ತಮ್ಮ ಓಲ್ಗಿ.

ಶಿರಾದ ಕುರಿಗಾಹಿ

ಕೊನೆಗೊಂದು ಕೇಳಲಾ ಅಣ್ಣ. ಅಷ್ಟು ಜಾನುವಾರು ಸತ್ತರೆ ಅವರಿಗೆ ವಿಮೆ ಇದೆಯಾ? ನಮ್ಮಲ್ಲಿ ಕುರಿ ಸತ್ತರೆ ಡಾಕ್ಟರ್ ಬಂದು ನೋಡಬೇಕು, ಕಿವಿಗೆ ಹಾಕಿದ ಓಲೆ ತೋರಿಸಬೇಕು. ಅಡವಿಯಲ್ಲಿ ಸತ್ತರೆ ಯಾರನ್ನು ಕರೆಯುವುದು?

ಅಲ್ಮಾಟಿಯಿಂದ

ಇದೆ ಅಣ್ಣ. 2006ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಮೂರು ಪ್ರಾಂತ್ಯಗಳಲ್ಲಿ ಶುರು ಮಾಡಿ, 2012ರ ಹೊತ್ತಿಗೆ ದೇಶಕ್ಕೆಲ್ಲ ವಿಸ್ತರಿಸಿದರು. ಅಲ್ಲಿ ಒಬ್ಬೊಬ್ಬರ ಸತ್ತ ಕುರಿ ಎಣಿಸುವುದಿಲ್ಲ. ಇಡೀ ತಾಲ್ಲೂಕಿನಲ್ಲಿ ಆ ವರ್ಷ ನೂರಕ್ಕೆ ಎಷ್ಟು ಕುರಿ ಸತ್ತವು ಅಂತ ಸರ್ಕಾರಿ ಗಣತಿಯಿಂದ ನೋಡುತ್ತಾರೆ. ನಿಗದಿ ಮಾಡಿದ ಮಿತಿ ದಾಟಿದರೆ ವಿಮೆ ಮಾಡಿಸಿದ ಎಲ್ಲರಿಗೂ ದುಡ್ಡು. ದನ, ಆಡು, ಕುದುರೆ, ಒಂಟೆಗೆ ಬೇರೆ ಬೇರೆ ಲೆಕ್ಕ.

ಶಿರಾದ ಕುರಿಗಾಹಿ

ಅಂದರೆ ಒಬ್ಬ ರಾತ್ರಿ ಹಗಲು ಕಷ್ಟಪಟ್ಟು ತನ್ನ ಮಂದೆ ಉಳಿಸಿಕೊಂಡರೂ ಅವನಿಗೆ ದುಡ್ಡು ಬರುತ್ತದೆ?

ಅಲ್ಮಾಟಿಯಿಂದ

ಬರುತ್ತದೆ. ಉಳಿಸಿಕೊಂಡವನಿಗೆ ಮಂದೆಯೂ ಇರುತ್ತದೆ, ವಿಮೆಯೂ ಸಿಗುತ್ತದೆ. ಹಾಗೆ ಆಗಲಿ ಅಂತಲೇ ಹೀಗೆ ಮಾಡಿದ್ದು. ತೊಂದರೆ ಏನಂದರೆ, ತಾಲ್ಲೂಕು ಚೆನ್ನಾಗಿದ್ದು ನಿಮ್ಮ ಕಣಿವೆಯಲ್ಲಿ ಮಾತ್ರ ಹಿಮ ಬಿದ್ದು ಮಂದೆ ಸತ್ತರೆ ಏನೂ ಬರುವುದಿಲ್ಲ.

ಶಿರಾದ ಕುರಿಗಾಹಿ

ಅರ್ಥ ಆಯ್ತು. ಆದರೂ ಇದು ಸರಿಯಾದ ಯೋಚನೆ. ನಮ್ಮ ಸಂಘದ ಮೀಟಿಂಗ್‌ನಲ್ಲಿ ಇಡುತ್ತೇನೆ. ಮಿತಿ ಹೇಗೆ ಗೊತ್ತುಮಾಡುತ್ತಾರೆ, ಕಂತು ಯಾರು ಕಟ್ಟುತ್ತಾರೆ ಅಂತ ಇನ್ನೊಂದು ಚರ್ಚೆ ಶುರು ಮಾಡಿ ಅಣ್ಣ, ನಾನೂ ಬರುತ್ತೇನೆ.